ಬೀಡಿಯ ಕೈ, ಸಿಟ್ಟಿನ ಮುಖ

ಮಕ್ಕಳೇ, ನಾನು ಮೊದಲಿನಿಂದಲೂ ಮಾತು ಕಡಿಮೆಯವಳು. ಹಾಗಾಗಿ ನನ್ನ ಸ್ವರ ಇನ್ನಷ್ಟು ಸಣ್ಣದಾದಾಗ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನಡೆ ನಿಧಾನವಾದದ್ದನ್ನು ಎಲ್ಲರೂ ಪ್ರಾಯದ ಲೆಕ್ಕಕ್ಕೆ ಹಾಕಿದರು. ಕಣ್ಣಿಗೆ ಬಿದ್ದದ್ದು ಮುಖ. ಅದು ಸದಾ ಬಿಗಿದುಕೊಂಡೇ ಇರುತ್ತಿತ್ತಂತೆ. ನಾನು ಕನ್ನಡಿ ನೋಡುವುದು ತಲೆ ಬಾಚಲು ಮಾತ್ರ, ನನಗೆ ಹೇಗೆ ತಿಳಿಯಬೇಕು?

ಅತ್ತೆಗೆ ತನ್ನ ಮೇಲೆ ಸಿಟ್ಟು ಎಂದು ನಿಮ್ಮ ಅಮ್ಮ ತೀರ್ಮಾನಿಸಿದಳು. ಅಷ್ಟರಲ್ಲಿ ಒಂದು ದಿನ ಬಂಗುಡೆ ಸಾರು ಸೀದು ಕರಕಲಾಯಿತು. ನಾನು ಒಲೆಯ ಪಕ್ಕದಲ್ಲೇ ಕುಳಿತಿದ್ದೆ. ಮೂಗಿಗೆ ವಾಸನೆಯೇ ಬರಲಿಲ್ಲ.

“ನನ್ನ ಮೇಲಿನ ಸಿಟ್ಟು ಮೀನಿನ ಮೇಲೆ ತೀರಿಸುವುದಾ ಅತ್ತೆ? ನಾನು ಎಂತ ತಪ್ಪು ಮಾಡಿದ್ದು? ಹೇಳುವುದಿಲ್ಲವಾದರೆ ನಾನು ಪುತ್ತಿಗೆಗೆ ಹೋಗ್ತೇನೆ!”

ಪುತ್ತಿಗೆ ಅವಳ ತವರು. ಹೋಗಬೇಡ ಎಂದೆ. ಅವಳಿಗೆ ಕೇಳಿಸಲಿಲ್ಲ.

ಅವಳು ಚೀಲ ತುಂಬಿಸುವಾಗ ಪಕ್ಕದ ಮನೆಯ ಬ್ಯಾರಿ ಹೆಂಗಸು ಬಂದಳು. ನಾವಿಬ್ಬರೂ ಹಿಂದೆ ಒಂದೇ ಜಗಲಿಯಲ್ಲಿ ಬೀಡಿ ಕಟ್ಟಿದವರು. ಸುಮ್ಮನೆ ಕುಳಿತಾಗ ನನ್ನ ಹೆಬ್ಬೆರಳು ತೋರುಬೆರಳನ್ನು ತಾನಾಗಿ ಉಜ್ಜುತ್ತಿತ್ತು. ಅದು ಬೀಡಿಯ ಅಭ್ಯಾಸ ಎಂದೇ ನಾನು ನಂಬಿದ್ದೆ. ಸ್ವಲ್ಪ ಹೆಮ್ಮೆಯೂ ಇತ್ತು.

“ಅಕ್ಕಾ, ಬೀಡಿ ಬಿಟ್ಟು ಎಷ್ಟು ಕಾಲ ಆಯ್ತು! ಕೈ ಇನ್ನೂ ಕಟ್ತಾ ಉಂಟಲ್ಲ!” ಎಂದು ಅವಳು ನಕ್ಕಳು. “ಆದರೆ ಎಡಗೈ ಯಾಕೆ ರಜೆಯಲ್ಲಿ?”

ನಿಮ್ಮ ಅಮ್ಮ ತಿರುಗಿ ನೋಡಿದಳು. ಬೀಡಿಗೆ ಎರಡೂ ಕೈ ಬೇಕು, ನಡುಗುತ್ತಿದ್ದದ್ದು ಬಲಗೈ ಒಂದೇ. ಪುತ್ತಿಗೆಗೆ ತುಂಬಿಸಿದ ಚೀಲವನ್ನೇ ಹೆಗಲಿಗೆ ಹಾಕಿ ನನ್ನನ್ನು ಮಂಗಳೂರಿನ ನರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರು ನನ್ನನ್ನು ನಡೆಸಿದರು, ಕೈ ಮಡಚಿ ಬಿಡಿಸಿದರು. ಕೊನೆಗೆ, “ಅಮ್ಮ, ಸ್ವಲ್ಪ ನಗಿ” ಎಂದರು. ನಕ್ಕೆ.

“ನಾಚಿಕೆ ಬೇಡ, ನಗಿ.”

“ನಗ್ತಾ ಇದ್ದೇನೆ ಡಾಕ್ಟ್ರೇ.”

ನಿಮ್ಮ ಅಮ್ಮ ನನ್ನ ಮುಖವನ್ನೇ ನೋಡಿದಳು. ಆಮೇಲೆ ಅಳುತ್ತಾ ನಗತೊಡಗಿದಳು.

ಇದು ಪಾರ್ಕಿನ್ಸನ್ ಕಾಯಿಲೆ, ಮೂಗಿಗೆ ವಾಸನೆ ಬಾರದ್ದೂ ಅದರಿಂದಲೇ ಎಂದರು ಡಾಕ್ಟರು. ಮೆದುಳಿನಲ್ಲಿ ಡೋಪಮಿನ್ ಎಂಬುದನ್ನು ತಯಾರಿಸುವ ಕೋಶಗಳು ಕಡಿಮೆಯಾದರೆ ಕೈ ಹೀಗೆ ನಡುಗುತ್ತದಂತೆ, ಕಾಲು, ಮುಖ ಎಲ್ಲ ಬಿಗಿಯುತ್ತವಂತೆ.

“ಬೀಡಿಯಿಂದ ಬಂದದ್ದಾ?” ಎಂದೆ.

“ಬೀಡಿ ಕಟ್ಟಿದ್ದರಿಂದಲ್ಲ. ಪ್ರಾಯ ಒಂದು ಕಾರಣ. ಕೆಲವರಿಗೆ ವಂಶದಿಂದ, ಕೆಲವು ಕಡೆ ತೋಟಕ್ಕೆ ಹೊಡೆಯುವ ವಿಷದಿಂದಲೂ ಇರಬಹುದು. ನಿಮಗೆ ಯಾಕೆ ಬಂತೆಂದು ಖಚಿತವಾಗಿ ಹೇಳಲಿಕ್ಕೆ ಆಗುವುದಿಲ್ಲ.”

“ಸಿಟ್ಟಿನಿಂದ?” ನಿಮ್ಮ ಅಮ್ಮ ಕೇಳಿದಳು.

“ಇಲ್ಲ” ಎಂದರು. ಚೀಲ ಮನೆಗೆ ವಾಪಸು ಬಂತು.

ಮಾತ್ರೆಯಿಂದ ಕೈ ಸುಮಾರಾಗಿ ಹತೋಟಿಗೆ ಬಂದಿದೆ. ಮುಖ ಇನ್ನೂ ಪೂರ್ತಿ ಬಂದಿಲ್ಲ. ಮೊನ್ನೆ ನಿಮ್ಮ ಅಮ್ಮ ನನ್ನ ಹಳೆಯ ಬೀಡಿ ತಡ್ಪೆಯನ್ನು, ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದ ಅದೇ ಬಿದಿರಿನ ಮೊರವನ್ನು, ಗುಜರಿಯವನಿಗೆ ಕೊಟ್ಟಳು. ನಾನು ಮುಖ ಊದಿಸಿ ಕುಳಿತೆ. ಅವಳು ಬಂದು ಕೆನ್ನೆ ತಟ್ಟಿದಳು.

“ಪಾಪ, ಇದು ಕಾಯಿಲೆಯ ಮುಖ. ನನಗೀಗ ಗೊತ್ತುಂಟು.”

“ಅಲ್ಲ ಮಾರಾಯ್ತಿ, ಇದು ನನ್ನದೇ ಮುಖ! ತಡ್ಪೆ ಎಲ್ಲಿ?”

ಅವಳು ಗೇಟಿನವರೆಗೆ ಓಡಿ ತಡ್ಪೆ ವಾಪಸು ತಂದಳು. ನಾನು ನಕ್ಕೆ. ಕಂಡಿತೋ ಇಲ್ಲವೋ ಎಂದು ಬಾಯಿಬಿಟ್ಟು ಹೇಳಿದೆ, “ನಕ್ಕೆ.”