ಅಣುಸ್ಥಾವರದ ಅಳಿಯನಿಗಾಗಿ ವಾಡಿಯಿಂದ ಚಿಂಚೋಳಿಗೆ

ರಾಯಚೂರಿನಲ್ಲಿ ಗಾಡಿ ಬದಲಿಸಿದ ಮೇಲೆ ಬಾಗಿಲ ಬಳಿ ನಿಂತೇ ಬಂದೆ. ನಾಲವಾರದಲ್ಲಿ ಮಠಕ್ಕೆ ಹೋಗುವ ಮಂದಿ ಇಳಿದಾಗ ಕೂರಲು ಜಾಗ ಸಿಕ್ಕಿತು. ಬೆನ್ನು ಊರುವಷ್ಟರಲ್ಲಿ ವಾಡಿ ಬಂದೇಬಿಟ್ಟಿತು. ನನ್ನ ಹಣೆಬರಹವೇ ಹೀಗೆ. ಪ್ಲಾಟ್‌ಫಾರ್ಮಿನ ಚಹಾ ಮಾತ್ರ ಬಿಸಿಯಾಗಿತ್ತು, ಸಕ್ಕರೆಯಿಲ್ಲದೆ ಮಾಡಿಕೊಡು ಎಂದರೆ ಚಹಾದವನು ಬೇಸರಿಸಲಿಲ್ಲ. ನನಗೆ ಸಕ್ಕರೆ ಕಾಯಿಲೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಇದರಿಂದಲೇ ನಾನು ಫಜೀತಿಗೆ ಬಿದ್ದೆ.

ಬಂದದ್ದು ಮದುವೆ ಮಾತಿಗೆ. ನನ್ನ ತಂಗಿಯ ಮಗ ಪ್ರಕಾಶ ಘಟ್ಟದ ಕಾಡಿನೊಳಗಿನ ಅಣುವಿದ್ಯುತ್ ಸ್ಥಾವರದಲ್ಲಿ ಪಾಳಿ ಕೆಲಸ ಮಾಡುತ್ತಾನೆ. ಚಿಂಚೋಳಿಯ ಹೈಸ್ಕೂಲ್ ಶಿಕ್ಷಕಿ ಅನ್ನಪೂರ್ಣಾಳನ್ನು ನೋಡಿ ಬಂದಿದ್ದ, ಇಬ್ಬರೂ ಒಪ್ಪಿದ್ದರು. ಅಷ್ಟರಲ್ಲಿ ಯಾರೋ ಪುಣ್ಯಾತ್ಮ ಹುಡುಗಿಯ ಮನೆಯವರ ಮೊಬೈಲಿಗೆ ಒಂದು ವಿಡಿಯೊ ಕಳಿಸಿದ. ಅಣುಸ್ಥಾವರದಲ್ಲಿ ದುಡಿಯುವವರಿಗೆ ಮಕ್ಕಳಾಗುವುದಿಲ್ಲವಂತೆ, ಹುಟ್ಟಿದರೂ ನೆಟ್ಟಗಿರುವುದಿಲ್ಲವಂತೆ. ಹಿರಿಯರು ಯಾರಾದರೂ ಬಂದು ಮಾತಾಡಲಿ, ಇಲ್ಲವಾದರೆ ಬೇರೆ ಕಡೆ ನೋಡುತ್ತೇವೆ ಎಂದು ಅವರು ಹೇಳಿ ಕಳಿಸಿದರು. ತಂಗಿಗೆ ಗಂಡನಿಲ್ಲ, ಮಂಡಿನೋವು ಬೇರೆ. ಪ್ರಕಾಶನಿಗೆ ರಜೆ ಸಿಗಲಿಲ್ಲ. ಉಳಿದವನು ಸೋದರಮಾವ ನಾನು.

ತೊಡಕಿದ್ದದ್ದು ಅಲ್ಲೇ. ಆ ಸ್ಥಾವರ ಬೇಡವೆಂದು ರಸ್ತೆಯಲ್ಲಿ ಕೂತು ಘೋಷಣೆ ಕೂಗಿದವರಲ್ಲಿ ನಾನೂ ಒಬ್ಬ. ಈಗಲೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಹಬ್ಬದ ಊಟಕ್ಕೆ ಕೂತರೆ ಪ್ರಕಾಶನಿಗೂ ನನಗೂ ಹೋಳಿಗೆ ಆರುವ ತನಕ ವಾದ ನಡೆಯುತ್ತದೆ. ಹೊರಡುವಾಗ ತಂಗಿ ಕೈ ಹಿಡಿದುಕೊಂಡು, “ಅಣ್ಣಾ, ಅಲ್ಲಿ ನಿನ್ನ ಭಾಷಣ ಬ್ಯಾಡ. ಹುಡುಗ ಛಲೋ ಅದಾನ ಅಂತ ಹೇಳಿ ಬಾ, ಸಾಕು” ಎಂದಿದ್ದಳು. ನಾನು ಆಗಲಿ ಎಂದಿದ್ದೆ.

ವಾಡಿಯಿಂದ ಶಹಾಬಾದಿಗೆ ಟಂಟಂ ಆಟೊ ಹಿಡಿದೆ. ಪಕ್ಕದಲ್ಲಿದ್ದ ಹೆಣ್ಣುಮಗಳೊಬ್ಬಳು ನನ್ನ ಚೀಲವನ್ನು ದಾರಿಯುದ್ದಕ್ಕೂ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಬೇಡ ಎಂದರೂ ಕೇಳಲಿಲ್ಲ. ಊರಿನಲ್ಲಿ ಗೋಡೆ, ಮೆಟ್ಟಿಲು, ಕಟ್ಟೆ, ಚರಂಡಿಯ ಮುಚ್ಚಳ ಎಲ್ಲವೂ ನೆಲಕ್ಕೆ ಹಾಸುವ ಫರಸಿ ಕಲ್ಲೇ. ಹುಡುಗಿಯ ದೊಡ್ಡಪ್ಪ ಶರಣಪ್ಪನವರಿಗೆ ಅಲ್ಲಿ ಕಲ್ಲಿನ ಅಂಗಡಿ. ಹುಡುಗಿಗೆ ತಂದೆಯಿಲ್ಲ, ಹಾಗಾಗಿ ಮೊದಲು ಇವರ ಒಪ್ಪಿಗೆ ಬೇಕು. ನಂತರ ಚಿತ್ತಾಪುರದಲ್ಲಿರುವ ಸೋದರಮಾವನದು. ಕೊನೆಯ ಮಾತು ಮಾತ್ರ ಚಿಂಚೋಳಿಯಲ್ಲಿರುವ ಅಜ್ಜಿ ಗುರಮ್ಮನವರದು.

ಶರಣಪ್ಪನವರು ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ಮುಂದಿಟ್ಟು ನೇರವಾಗಿ ವಿಡಿಯೊದ ಮಾತಿಗೇ ಬಂದರು. ಅದು ಸುಳ್ಳು ಎಂದೆ. ಪ್ರಕಾಶನ ಜೊತೆಗಾರರ ಮಕ್ಕಳು ಕಾಲೊನಿಯಲ್ಲಿ ನನ್ನ ಕನ್ನಡಕ ಒಡೆದು ಹಾಕಿದ್ದನ್ನೂ ಹೇಳಿದೆ, ಕ್ರಿಕೆಟ್ ಚೆಂಡಿನಿಂದ. ಅಲ್ಲಿ ದುಡಿಯುವವರ ಎದೆಯ ಮೇಲೆ ಒಂದು ಬಿಲ್ಲೆ ಇರುತ್ತದೆ, ಯಾರ ಮೈಗೆ ಎಷ್ಟು ವಿಕಿರಣ ತಗುಲಿತು ಎಂದು ಅದನ್ನು ಆಗಾಗ ನೋಡುತ್ತಾರೆ, ಮಿತಿ ದಾಟುವ ಹಾಗಿಲ್ಲ ಎಂದು ವಿವರಿಸಿದೆ. ಅವರು ನಕ್ಕು, ತಮ್ಮ ಕಡೆಯಿಂದ ಅಡ್ಡಿಯಿಲ್ಲ ಎಂದರು. ಬಿಸಿಲು ಏರಿತ್ತು. ಸ್ಟೇಷನ್ನಿನ ತನಕ ತಾವೇ ಮೋಟಾರ್ ಸೈಕಲ್ಲಿನಲ್ಲಿ ಬಿಟ್ಟರು, ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ವಾಡಿಗೆ ಮರಳಿ, ಚಿತ್ತಾಪುರದ ಪ್ಯಾಸೆಂಜರ್ ಹತ್ತುವ ಮುಂಚೆ ಕಲ್ಲಿದ್ದಲಿನ ಗೂಡ್ಸ್ ಗಾಡಿಯೊಂದು ಹಾದುಹೋಯಿತು. ಮುಗಿಯಲೇ ಒಲ್ಲದು. ‘ಮಾಮಾ, ನಮ್ಮಲ್ಲಿ ಈ ಹೊಗೆಯಿಲ್ಲ’ ಎಂದು ಪ್ರಕಾಶ ಹೇಳುವುದು ನೆನಪಾಯಿತು. ಬಿಸಿಲು, ಗಾಳಿ ಇಲ್ಲದ ಹೊತ್ತಿನಲ್ಲೂ ಕರೆಂಟು ಕೊಡುವವರು ನಾವು ಎಂಬುದು ಅವನ ಇನ್ನೊಂದು ಮಾತು. ಈ ಎರಡಕ್ಕೂ ನನ್ನಲ್ಲಿ ಪೂರ್ತಿ ಉತ್ತರವಿಲ್ಲ, ಅವನೆದುರು ಹಾಗೆಂದು ಒಪ್ಪಿಕೊಳ್ಳುವುದಿಲ್ಲ ಅಷ್ಟೆ.

ಚಿತ್ತಾಪುರದ ಸೋದರಮಾವ ಮಲ್ಲಿನಾಥ ಅವರು ವಕೀಲರು. ಕೋರ್ಟು ಮುಗಿಸಿ ಬಂದು, ಕೋಟು ಬಿಚ್ಚದೆಯೇ ಪಾಟೀಸವಾಲು ಶುರು ಮಾಡಿದರು. ಅನಾಹುತವಾದರೆ ಪರಿಹಾರ ಕೊಡುವವರು ಯಾರು? ಕಟ್ಟಲು ಹಿಡಿಯುವ ಕಾಲ, ಖರ್ಚು ಎರಡೂ ಹೇಳಿದ್ದಕ್ಕಿಂತ ಬೆಳೆಯುತ್ತವಂತಲ್ಲ? ನನ್ನ ಪ್ರಶ್ನೆಗಳನ್ನೇ ಅವರು ನನಗೆ ಕೇಳುತ್ತಿದ್ದರು! ತಂಗಿಯ ಮುಖ ನೆನೆದು ನಾಲಗೆ ಕಚ್ಚಿಕೊಂಡು ಕೂತೆ. ಹುಡುಗ ಕುಡಿಯುವುದಿಲ್ಲ, ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ ಎಂದಷ್ಟೇ ಹೇಳಿದೆ. ಕೊನೆಗೆ ಅವರೂ ಆಗಲಿ ಎಂದರು. ಅವರ ಮನೆಯವರು ಸ್ಟೀಲ್ ಬಟ್ಟಲಲ್ಲಿ ಏನೋ ತಂದು ನನ್ನ ಮುಂದೆ ಹಿಡಿದರು. ನೋಡಿದರೆ ಸಕ್ಕರೆ. ರೂಢಿಯಂತೆ ಕೈ ಅಡ್ಡ ಹಿಡಿದು, “ನನಗ ಸಕ್ಕರಿ ಬ್ಯಾಡ್ರಿ” ಎಂದುಬಿಟ್ಟೆ.

ಬಟ್ಟಲು ಹಿಡಿದ ಕೈ ಹಿಂದೆ ಸರಿಯಿತು. ಆಮೇಲೆ ತಿಳಿಯಿತು: ಈ ಬಳಗದಲ್ಲಿ ಮದುವೆ ಮಾತು ಕೂಡಿ ಬರುವ ತನಕ ಬಂದವರಿಗೆ ಖಾರದ ತಿನಿಸೇ. ದೊಡ್ಡಪ್ಪ, ಸೋದರಮಾವ ಇಬ್ಬರೂ ಒಪ್ಪಿದ ಮೇಲೆ ಸಕ್ಕರೆ. ಅದು ಬಂತೆಂದರೆ ಹುಡುಗಿಯ ಕಡೆಯವರು ಹೂಂ ಎಂದಂತೆ, ಅದನ್ನು ಬೇಡ ಎಂದರೆ ಹುಡುಗನ ಕಡೆಯವರು ಹುಡುಗಿಯನ್ನೇ ಬೇಡ ಎಂದಂತೆ. ನಾನು ಗಾಬರಿಯಾಗಿ ಕಾಯಿಲೆ, ಗುಳಿಗೆ, ಡಾಕ್ಟರು ಎಲ್ಲ ಹೇಳಿದೆ. ವಕೀಲರು ನಕ್ಕರು, ಆದರೆ ಅವರ ಮನೆಯವರು ಬಟ್ಟಲು ಒಳಗೊಯ್ದರು. ರಾತ್ರಿ ರೊಟ್ಟಿ, ಪುಂಡಿಪಲ್ಯ ಬಡಿಸಿ, ಹೊಸ ಕೌದಿ ಹಾಸಿ ಮಲಗಿಸಿದರು. ಆ ಉಪಚಾರವನ್ನು ಮರೆಯಲಾರೆ. ಸುದ್ದಿ ಮಾತ್ರ ಫೋನಿನಲ್ಲಿ ನನಗಿಂತ ಮೊದಲೇ ಚಿಂಚೋಳಿ ತಲುಪಿತ್ತು.

ಬೆಳಿಗ್ಗೆ ಸೇಡಂ ಬಸ್ಸು. ಹೆಣ್ಣುಮಕ್ಕಳಿಗೆ ಪುಕ್ಕಟೆ, ನನ್ನಂಥವರಿಗೆ ಟಿಕೆಟ್ಟು. ಆದರೂ ಸೀಟು ಬಿಟ್ಟುಕೊಟ್ಟವಳು ಒಬ್ಬ ಹೆಣ್ಣುಮಗಳೇ. ಸೇಡಂನಲ್ಲಿ ಬಸ್ಸು ಬದಲಿಸಬೇಕಿತ್ತು. ಸ್ಟ್ಯಾಂಡಿನಲ್ಲಿ ಪಕ್ಕ ಕೂತಿದ್ದ ಕೋಡ್ಲಾದ ಸಿಮೆಂಟ್ ಕಾರ್ಮಿಕನೊಬ್ಬ, ಕೆಲಸ ಬಂದ ಮೇಲೆ ಮನೆ ಕಟ್ಟಿಸಿದ್ದನ್ನು ಹೇಳಿದ. ಧೂಳಿನ ಬಗ್ಗೆ ಕೇಳಿದೆ. ಎರಡೂ ಖರೇ ಎಂದು ಹೇಳಿ ಬಸ್ಸು ಹತ್ತಿದ. ಚಿಂಚೋಳಿಯ ದಾರಿಯುದ್ದಕ್ಕೂ ತೊಗರಿ ಹಳದಿ ಹೂ ಬಿಟ್ಟಿತ್ತು. ತಣ್ಣನೆ ಗಾಳಿ ಬೀಸುತ್ತಿತ್ತು. ನನಗೆ ಮಾತ್ರ ಒಂದೇ ಚಿಂತೆ, ಮೂರ್ಖನಂತೆ ಒಂದು ಬಟ್ಟಲು ಸಕ್ಕರೆಗೆ ಹುಡುಗನ ಬಾಳು ಕೆಡಿಸಿದೆನೇ ಎಂದು.

ಗುರಮ್ಮನವರು ಕಟ್ಟೆಯ ಮೇಲೆ ಕೂತಿದ್ದರು. “ಬರ್ರಿ, ಕುಂದ್ರಿ. ಸಕ್ರಿ ಬ್ಯಾಡಂದ್ರಂತ?” ಎಂದರು. ನಗಲಿಲ್ಲ. ನಾನು ಕಾಯಿಲೆಯ ಪುರಾಣ ಮತ್ತೆ ಹೇಳಿದೆ. ಅನ್ನಪೂರ್ಣಾ ನೀರು ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು. ಅಜ್ಜಿ ಕೇಳಿದರು:

“ನಿಮಗ ಮಗಳಿದ್ರ ಸೋದರಳಿಯ ಅಂತ ಮೊದಲ ನಿಮ್ಮನ್ನೇ ಕೇಳ್ತಿದ್ರು. ಖರೇ ಹೇಳ್ರಿ. ಕೊಡ್ತಿದ್ರೇನು?”

ನನಗಿರುವುದು ಇಬ್ಬರು ಗಂಡುಮಕ್ಕಳು. ಆದರೂ ಪ್ರಶ್ನೆ ಎದೆಗೇ ನಾಟಿತು. ತಂಗಿಗೆ ಕೊಟ್ಟ ಮಾತು ಅಲ್ಲಿಗೆ ಮುಗಿಯಿತು.

“ಪ್ರಕಾಶಗ ಕಣ್ಣು ಮುಚ್ಚಿ ಕೊಡ್ತಿದ್ದೆರಿ. ಆ ಸ್ಥಾವರ ಮಾತ್ರ ಇವತ್ತಿಗೂ ನನಗ ಮನಸ್ಸಿಗೆ ಬಂದಿಲ್ಲ” ಎಂದೆ. ಆಮೇಲೆ ತಡೆಯಲಾಗಲಿಲ್ಲ. ಉರಿದು ಮಿಕ್ಕ ಕಸವನ್ನು ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳೂ ಕಾಯಬೇಕು ಎಂದೆ. ಅನಾಹುತ ಅಪರೂಪ, ಆದರೆ ಘಟಿಸಿದರೆ ದೊಡ್ಡದು ಎಂದೆ. ಹೊಗೆಯಿಲ್ಲ ಎಂಬ ಪ್ರಕಾಶನ ಮಾತನ್ನೂ ಮುಚ್ಚಿಡಲಿಲ್ಲ. ಅಲ್ಲಿ ಅವನು ಎಷ್ಟು ಎಚ್ಚರದಿಂದ ದುಡಿಯುತ್ತಾನೆ, ಪಾಳಿ ಮುಗಿದರೂ ಮುಂದಿನವನಿಗೆ ಪೂರ್ತಿ ತಿಳಿಸದೆ ಎದ್ದು ಬರುವುದಿಲ್ಲ ಎಂಬುದನ್ನೂ ಹೇಳಿದೆ. ಮುಗಿಸಿದಾಗ ಕೆಲಸ ಕೆಟ್ಟಿತು ಎಂದೇ ತಿಳಿದು ಚೀಲಕ್ಕೆ ಕೈಹಾಕಿದೆ.

ಗುರಮ್ಮನವರು ಗೋಡೆಯ ಮೇಲಿನ ಗಂಡನ ಫೋಟೋ ಕಡೆ ನೋಡಿದರು. “ನಮ್ಮ ಮನೆಯವ್ರು ಶಹಾಬಾದದಾಗ ಕಲ್ಲಿನ ಖಣಿಗೆ ಸೇರೋ ಮುಂದ, ಬಂದವ್ರೆಲ್ಲಾ ಭಾಳ ಛಲೋ ಕೆಲಸ ಅಂದ್ರು. ಧೂಳಿನ ಮಾತು ಒಬ್ರೂ ಎತ್ತಲಿಲ್ಲ. ಕೆಮ್ಮಿ ಕೆಮ್ಮಿ ಹೋದ್ರು. ನೀವು ಹುಡುಗನ ಮಾವ ಆಗಿ, ಅದರ ಕೆಟ್ಟದ್ದೂ ಹೇಳ್ಲತ್ತೀರಿ. ಅಂದಮ್ಯಾಲ ಹುಡುಗ ಛಲೋ ಅಂದದ್ದೂ ಖರೇನೇ ಇರಬೇಕು” ಎಂದರು. ನಂತರ ಮೊಮ್ಮಗಳ ಕಡೆ ತಿರುಗಿದರು. ಅವಳು ಒಳಗೆ ಹೋಗಿ ಸಕ್ಕರೆಯ ಬಟ್ಟಲು ತಂದಳು.

ಡಾಕ್ಟರು ಬೈದರೆ ಬೈಯಲಿ ಎಂದು ಬಾಯಿ ತೆರೆದೆ. ಅಜ್ಜಿ ಚಿಟಿಕೆ ಹಾಕಿದರೆ ಸಾಕಾಗಲಿಲ್ಲ, ನಾನೇ ಇನ್ನೊಂದು ಹಿಡಿ ತೆಗೆದುಕೊಂಡೆ. ಕಣ್ಣಲ್ಲಿ ನೀರು ಬಂತು, ಅದನ್ನು ಮುಚ್ಚಿಡಲೂ ಹೋಗಲಿಲ್ಲ. ಹುಡುಗನ ಮನೆ ನೋಡುವ ಶಾಸ್ತ್ರಕ್ಕೆ ಬಂದಾಗ ಆ ಹೊಗೆಯಿಲ್ಲದ ಕಾರಖಾನೆಯನ್ನೂ ದೂರದಿಂದ ನೋಡುತ್ತೇನೆ ಎಂದು ಗುರಮ್ಮನವರು ಕರಾರು ಹಾಕಿದರು. ಇಡೀ ದಾರಿಯಲ್ಲಿ ಉಂಡ ಅನ್ನಕ್ಕೆ, ಮಲಗಿದ ಕೌದಿಗೆ, ಕೇಳಿಸಿಕೊಂಡ ಕಿವಿಗಳಿಗೆ ನಾನು ಋಣಿ. ನಮ್ಮ ಊರಲ್ಲಿ ಈ ವಿಷಯ ಎತ್ತಿದರೆ ಇಷ್ಟು ತಾಳ್ಮೆಯಿಂದ ಕೇಳುವವರಿಲ್ಲ.

ಬಸ್ ಸ್ಟ್ಯಾಂಡಿಗೆ ಅನ್ನಪೂರ್ಣಾ ಬಂದಳು, ತಂಗಿಗೆಂದು ತೊಗರಿಬೇಳೆಯ ಗಂಟು ಹಿಡಿದುಕೊಂಡು. ಇನ್ನು ನೆಂಟಸ್ತನವಾಯಿತು, ಪ್ರಕಾಶನ ಜೊತೆ ವಾದ ಬಿಟ್ಟುಬಿಡುತ್ತೇನೆ ಎಂದೆ. ನಿಜವಾಗಿಯೂ ಬಿಡಬೇಕೆಂದೇ ಅಂದುಕೊಂಡಿದ್ದೆ. ಬಸ್ಸು ಹೊರಟಿತ್ತು. ಅವಳು ಕಿಟಕಿಯ ಜೊತೆಗೇ ನಾಲ್ಕು ಹೆಜ್ಜೆ ನಡೆದಳು.

“ಬಿಡಬ್ಯಾಡ್ರಿ ಮಾವಾರ. ನೀವೂ ಪ್ರಶ್ನೆ ಕೇಳೋದು ಬಿಟ್ರ, ಆ ಸ್ಥಾವರದವ್ರನ್ನ ಯಾರು ಕೇಳ್ತಾರ್ರಿ?”