ಎರಡು ನಿಮಿಷದ ರಿಪೇರಿ

ದೆಹಲಿಯ ಓಖ್ಲಾದಲ್ಲಿದ್ದ ನಮ್ಮ ಆಫೀಸಿನ ಒಂದೇ ಸರ್ವರಿನಲ್ಲಿ ಹತ್ತಾರು ಜನರ ವೆಬ್‌ಸೈಟುಗಳಿದ್ದವು. ಅದರಲ್ಲೊಂದು ಕೊಡಗಿನ ಆಂಟಿಯೊಬ್ಬರದು. ಗೆದ್ದಲು ಹಿಡಿದ ಆಲ್ಬಮ್ಮನ್ನು ಎಸೆಯುವ ಮೊದಲು, ತೀರಿಕೊಂಡ ಗಂಡನ ಸೈನ್ಯದ ದಿನಗಳ ಫೋಟೊಗಳನ್ನೆಲ್ಲ ಅಲ್ಲಿಗೆ ಹಾಕುತ್ತಿದ್ದರು.

ಒಂದು ಮಧ್ಯಾಹ್ನ, "ಫೋಟೊ ಅಪ್‌ಲೋಡ್ ಆಗ್ತಿಲ್ಲಪ್ಪ" ಎಂದು ಫೋನ್ ಮಾಡಿದರು. ನನಗೋ ಊಟದ ಹೊತ್ತು. ಕಾರಣ ಹುಡುಕುವ ಬದಲು, ಅವರ ಫೋಲ್ಡರಿನಲ್ಲಿ ಸರ್ವರಿನ ಯಾವ ಸೈಟಿನಿಂದ ಬೇಕಾದರೂ ಬರೆಯಬಹುದು, ಅಳಿಸಬಹುದು ಎಂದು ಅನುಮತಿ ಕೊಟ್ಟುಬಿಟ್ಟೆ. ಸಂಜೆ ತೆಗೆದರಾಯಿತು ಅಂದುಕೊಂಡವನು ಮರೆತೇಬಿಟ್ಟೆ.

ಮುಂದಿನ ವಾರ ಬೇರೊಬ್ಬರ ಸೈಟಿಗೆ ನುಗ್ಗಿದ ಹ್ಯಾಕರ್, ಅಲ್ಲಿಂದಲೇ ಆಂಟಿಯ ಫೋಲ್ಡರನ್ನೂ ಗುಡಿಸಿಹಾಕಿದ. ಬ್ಯಾಕಪ್ಪನ್ನೂ ನಾನು ಅದರೊಳಗೇ ಇಟ್ಟಿದ್ದೆ; ಆಲ್ಬಮ್ ಅಷ್ಟರಲ್ಲಿ ಕಸಕ್ಕೆ ಹೋಗಿತ್ತು.

ಸುದ್ದಿ ಹೇಳಿದರೆ ಆಂಟಿ ಗಾಬರಿಯಾಗಲೇ ಇಲ್ಲ. "ಅಚ್ಛಾ, ಅಷ್ಟೇನಾ? ಅವತ್ತು ಎರಡೇ ನಿಮಿಷಕ್ಕೆ ಸರಿಮಾಡಿದೆಯಲ್ಲ, ಇವತ್ತೂ ಹಾಗೇ ಮಾಡಿಬಿಡು" ಎಂದರು.

ಅವತ್ತು ನನಗೆ ಊಟವೇನೋ ಬಿಸಿಯಾಗಿಯೇ ಸಿಕ್ಕಿತ್ತು.