ಎಲ್ಲಿಗೆ ಹೊರಟದ್ದು ಎಂದು ಕೇಳಿದ್ದು

ಮನೆಯಿಂದ ಹೊರಟು ನಿಂತವರನ್ನು ‘ಎಲ್ಲಿಗೆ?’ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಆಗುವುದಿಲ್ಲ. ಕಾಸರಗೋಡಿನ ನಮ್ಮ ತವರುಮನೆಯಲ್ಲಿ ಅಕ್ಷರಾಭ್ಯಾಸಕ್ಕಿಂತ ಮೊದಲೇ ಆದ ಪಾಠ ಇದು. ತಿಳಿಯಲೇಬೇಕೆಂದಿದ್ದರೆ ‘ದೂರ ಹೊರಟದ್ದಾ?’ ಎಂದು ಸುತ್ತು ಬಳಸಿ ಕೇಳಬೇಕು. ನಾನು ಓದಿದ್ದು ಒಂಬತ್ತನೆಯ ತರಗತಿ, ಅದರಲ್ಲಿ ಮುಕ್ಕಾಲು ಮರೆತಿದ್ದೇನೆ. ಈ ಪಾಠವನ್ನು ಮಾತ್ರ ಮರೆತಿಲ್ಲ. ಆದ್ದರಿಂದ ಮೊನ್ನೆ ನನ್ನ ತಂಗಿ ಉದ್ಯೋಗದ ಸಂದರ್ಶನಕ್ಕೆ ಹೊರಟು ಒಂದು ಕಾಲಿಗೆ ಚಪ್ಪಲಿ ಏರಿಸಿದ್ದಾಗ ನಾನು ಅದನ್ನೇ ಕೇಳಿದ್ದು ಬಾಯಿ ತಪ್ಪಿ ಅಲ್ಲ.

ತಂಗಿ ವಿನುತಾ ಇಂಜಿನಿಯರು. ತಿರುವನಂತಪುರದ ಹತ್ತಿರ ತುಂಬ ಎಂಬ ಊರಿನ ಬಾಹ್ಯಾಕಾಶ ಕೇಂದ್ರದಿಂದ ಕರೆ ಬಂದದ್ದೇ ತಡ, ತಯಾರಿಗೆಂದು ತ್ರಿಪ್ಪುಣಿತ್ತುರದ ನಮ್ಮ ಮನೆಗೆ ಬಂದಳು. ಇವಳನ್ನು ಓದಿಸಲೆಂದು ನಾನು ಶಾಲೆ ಬಿಟ್ಟೆ ಎಂದು ಹೇಳಿಕೊಳ್ಳುವ ಆಸೆ ನನಗೆ ಬಹಳ. ಪಕ್ಕದ ಮನೆಯ ಚೇಚಿಗೆ, ಅಂದರೆ ಮಲಯಾಳಿ ಅಕ್ಕನಿಗೆ, ಹಾಗೆಯೇ ಹೇಳಿಯೂ ಇದ್ದೇನೆ. ನಿಜವೆಂದರೆ ನಾನು ಗಣಿತದಲ್ಲಿ ಬಿದ್ದೆ, ಏಳಲಿಲ್ಲ. ಆಗ ಇವಳಿನ್ನೂ ಕೂಡುವ ಲೆಕ್ಕಕ್ಕೆ ಬೆರಳು ಎಣಿಸುತ್ತಿದ್ದಳು.

ಅಭ್ಯಾಸಕ್ಕೆ ಅವಳೆದುರು ಯಾರಾದರೂ ಕೂತು ಪ್ರಶ್ನೆ ಕೇಳಬೇಕಿತ್ತು. ನನ್ನವರಿಗೆ ಬ್ಯಾಂಕಿನ ಕೆಲಸ. ಮಗ ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ನಗುವವನು. ಉಳಿದವಳು ನಾನು. ಇಂಗ್ಲಿಷ್ ಪ್ರಶ್ನೆಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟಳು. ನನ್ನವರ ಬೆತ್ತದ ಕುರ್ಚಿಯಲ್ಲಿ, ಅವರದೇ ಹಳೆಯ ಕನ್ನಡಕ ಏರಿಸಿ ಕೂತೆ. ‘ಟೆಲ್ ಅಸ್ ಅಬೌಟ್ ಯುವರ್‌ಸೆಲ್ಫ್’ ಎಂದೆ. ತಂಗಿ ತಲೆ ಎತ್ತಿ, ನನ್ನ ಕಣ್ಣಿಗೆ ಕಣ್ಣಿಟ್ಟು ಹೇಳತೊಡಗಿದಳು.

ಆ ಎತ್ತಿದ ತಲೆಯೇ ನನ್ನ ಹೊಟ್ಟೆಗೆ ಕಿಚ್ಚು ಹಚ್ಚಿದ್ದು. ನನಗೂ ಒಂದು ಸಂದರ್ಶನ ಆಗಿತ್ತು. ಐದು ಜನ ಬಂದಿದ್ದರು, ಅವಲಕ್ಕಿ, ಬಾಳೆಹಣ್ಣು, ಕಾಫಿ ಎಲ್ಲ ಆಗಿತ್ತು. ನಾನು ನೆಲದ ಹಾಸುಗಲ್ಲನ್ನೇ ನೋಡುತ್ತ ಕೂತಿದ್ದೆ. ಹುಡುಗನ ಸೋದರತ್ತೆ ಕೇಳಿದ್ದು ಒಂದೇ ಪ್ರಶ್ನೆ: ನೀರುದೋಸೆ ತೆಳ್ಳಗೆ ಬರುತ್ತದಾ? ಬರುತ್ತದೆ ಎಂದೆ. ಆಯ್ಕೆಯಾದೆ. ಕೆಲಸ ಕಾಯಂ. ನಿನ್ನ ಬಗ್ಗೆ ಹೇಳು ಎಂದು ಅವರಾಗಲಿ, ಆಮೇಲೆ ಇನ್ನಾರೇ ಆಗಲಿ ಕೇಳಿದ್ದಿಲ್ಲ.

ಕುರ್ಚಿಯ ಗುಣ ವಿಚಿತ್ರ. ಉತ್ತರ ತಿಳಿದವರ ಮೌನವೂ ತಿಳಿಯದವರ ಮೌನವೂ ಎದುರು ಕೂತವರಿಗೆ ಒಂದೇ ಥರ ಕಾಣುತ್ತದೆ. ಅವಳ ಇಂಗ್ಲಿಷು ನನಗೆ ಚೂರೂ ಅರ್ಥವಾಗುತ್ತಿರಲಿಲ್ಲ. ಆದರೆ ಹುಬ್ಬು ಗಂಟಿಕ್ಕಿದರೆ ಅವಳು ತೊದಲುತ್ತಾಳೆ ಎಂಬುದು ಬೇಗ ಅರ್ಥವಾಯಿತು. ಆಮೇಲೆ ಗಂಟಿಕ್ಕುವುದೇ ಅಭ್ಯಾಸವಾಯಿತು. ಚೆನ್ನಾಗಿ ಹೇಳಿದಳು ಅನ್ನಿಸಿದ ಕಡೆಯೇ ‘ಊಹೂಂ, ಇನ್ನೊಮ್ಮೆ’ ಎನ್ನುತ್ತಿದ್ದೆ. ಒಂದು ಸಂಜೆ ಅವಳು ಹಾಳೆ ಮಡಚಿ, “ಅಕ್ಕ, ನೀನು ಹಾಗೆ ನೋಡಿದ್ರೆ ಬರುವುದೂ ಮರ್ತು ಹೋಗ್ತದೆ” ಎಂದಳು. ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಿತು ಕೂಡ, ಆದರೆ ಖುಷಿಯಾದ ಮೇಲೆ.

ಹೊರಡುವ ಬೆಳಿಗ್ಗೆ ಇಸ್ತ್ರಿ ಮಾಡಿದ ಹತ್ತಿ ಸೀರೆಯಲ್ಲಿ ಅವಳು ಯಾವುದೋ ಆಫೀಸಿನ ಮೇಡಂ ಥರವೇ ಕಂಡಳು. ತಿರುವನಂತಪುರದ ರೈಲಿಗೆ ಹೊತ್ತಾಗಿತ್ತು, ಗೇಟಿನ ಹೊರಗೆ ಆಟೋ ನಿಂತಿತ್ತು. ಆಗಲೇ ನಾನು ಕೇಳಿದ್ದು: “ಎಲ್ಲಿಗೆ ಹೊರಟದ್ದು?”

ಅವಳೂ ಅದೇ ಮನೆಯಲ್ಲಿ ಬೆಳೆದವಳಲ್ಲವೇ? ಚಪ್ಪಲಿ ಕಳಚಿದಳು. ಇದಕ್ಕೆ ಪರಿಹಾರವೂ ನಮ್ಮಲ್ಲಿದೆ: ಒಳಗೆ ಬಂದು ಕೂತು, ನೀರು ಕುಡಿದು, ಹೊಸದಾಗಿ ಹೊರಡಬೇಕು. ರೈಲು ತಪ್ಪಿದರೆ ಅದಕ್ಕೆ ಮಾತ್ರ ಪರಿಹಾರವಿಲ್ಲ. ನಾನು ಓಡಿಹೋಗಿ ನೀರಿನ ಲೋಟ ತಂದೆ. ಅವಳು ನೇರ ಹೋಗಿ ಬೆತ್ತದ ಕುರ್ಚಿಯಲ್ಲಿ ಕೂತಳು. ನೀರು ಕುಡಿದು, ಎದುರಿನ ಸ್ಟೂಲು ತೋರಿಸಿದಳು. ಕೂತೆ.

“ಟೆಲ್ ಅಸ್ ಅಬೌಟ್ ಯುವರ್‌ಸೆಲ್ಫ್,” ಎಂದಳು.

ಹೊರಗೆ ಆಟೋದವನು ಹಾರನ್ ಹೊಡೆದ. ಹೇಳಲು ನನ್ನಲ್ಲಿ ಬೇರೆ ಏನೂ ಇರಲಿಲ್ಲ. “ನಂಗೆ ನಿನ್ನ ಮೇಲೆ ಹೊಟ್ಟೆಕಿಚ್ಚು ಮಾರಾಯ್ತಿ” ಎಂದೆ.

“ಅದು ಮೊದಲ ದಿನವೇ ಗೊತ್ತಾಗಿತ್ತು,” ಎಂದಳು ತಂಗಿ. “ಹಾಗೆ ಮುಖ ಗಂಟಿಕ್ಕುವವರು ಅಲ್ಲಿಯೂ ಇರ್ತಾರೆ ಅಂತ ಸುಮ್ನಿದ್ದೆ. ನೆಕ್ಸ್ಟ್.” ಎದ್ದು ಚಪ್ಪಲಿ ಮೆಟ್ಟಿ, ಹೋಗಿ ಬರ್ತೇನೆ ಎಂದಳು. ರೈಲು ಸಿಕ್ಕಿತೆಂದು ಆಮೇಲೆ ಫೋನು ಬಂತು.

ಇಂದು ಅವಳು ತುಂಬದಲ್ಲಿ ಸಂದರ್ಶನದವರೆದುರು ಕೂತಿದ್ದಾಳೆ. ನಾನು ದೋಸೆ ಹೊಯ್ಯುತ್ತ ಅವಳ ಉತ್ತರಗಳನ್ನು ಅರ್ಥ ತಿಳಿಯದೆಯೇ ಒಪ್ಪಿಸುತ್ತಿದ್ದೇನೆ, ಎಲ್ಲೂ ತೊದಲಲಿಲ್ಲ. ಕೆಲಸ ಸಿಗದಿದ್ದರೆ ನನ್ನ ಬಾಯಿಂದ ಎಂದಾಗುತ್ತದೆ; ಆದ್ದರಿಂದ ಸಿಗಲೇಬೇಕು ದೇವರೇ. ಸಿಕ್ಕಿದರೆ ಹೊಟ್ಟೆ ಉರಿಯುತ್ತದೆ, ಅದೂ ಖಚಿತ. ಈಗಷ್ಟೆ ಚೇಚಿ ಗೋಡೆಯಾಚೆಯಿಂದ, ತಂಗಿ ಎಲ್ಲಿಗೆ ಹೋದಳು ಎಂದು ಕೇಳಿದರು. ಹೋದವರ ಬಗ್ಗೆ ಕೇಳಬಹುದು, ದೋಷವಿಲ್ಲ. ಮೂರನೆಯ ಮನೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.